ದೊರೆಸಾನಿಯ ಕಿರಿಕಿರಿ

"ಈಗ ಹೇಳಿ ಡಾಕ್ಟರೇ, ಸದ್ದಿದೆಯಾ?"

ತೆರೆದ ಬಾನೆಟ್ಟಿನ ಪಕ್ಕದಿಂದ ಮೇಸ್ತ್ರಿ ಗೆದ್ದ ಮುಖ ಮಾಡಿಕೊಂಡು ಇಣುಕಿದರು. ಸದ್ದು ಇತ್ತು. ಗ್ಯಾರೇಜಿನ ಬಾಗಿಲಲ್ಲಿ ಮಲಗಿದ್ದ ನಾಯಿ ತಡೆಯಲಾರದೆ ಎದ್ದು, ರಸ್ತೆ ದಾಟಿ ಮಲಗುವಷ್ಟು ಇತ್ತು. ಸ್ಟಿಯರಿಂಗ್ ಹಿಡಿದು ಕೂತಿದ್ದ ಹಲ್ಲಿನ ಡಾಕ್ಟರು, "ಇಲ್ಲ ಮೇಸ್ತ್ರಿ, ನಿಂತಿದೆ," ಎಂದು ಕೂಗಿ ಹೇಳಿದರು. ಆಕೆ ಈ ಸುಳ್ಳು ಹೇಳುತ್ತಿರುವುದು ಇದು ಮೂರನೇ ಸಲ.

ಆ ಜರ್ಮನ್ ಕಾರಿಗೆ ಇಪ್ಪತ್ತೆರಡು ವರ್ಷ, ಡಾಕ್ಟರ ಕೈಗೆ ಬಂದು ಹದಿನೈದು. ಮನೆಯಲ್ಲಿ ಅದನ್ನು ದೊರೆಸಾನಿ ಎನ್ನುತ್ತಾರೆ. ದೊರೆಸಾನಿಗೆ ಸಿಕ್ಕಸಿಕ್ಕ ಎಣ್ಣೆ ಆಗಿಬರುವುದಿಲ್ಲ. ಬೆರಳಗಲದ ಒಂದು ರಬ್ಬರ್ ಬಳೆ ಬೇಕಾದರೂ ಅದು ಹಡಗು ಹತ್ತಿಯೇ ಬರಬೇಕು. "ನನ್ನ ಮದುವೇಲೂ ನನಗೆ ಇಷ್ಟು ಉಪಚಾರ ಆಗಿರಲಿಲ್ಲ," ಎಂದು ಡಾಕ್ಟರ ಗಂಡ ಗೊಣಗುತ್ತಾರೆ. ಗೊಣಗಿದರೂ ಭಾನುವಾರ ಬೆಳಿಗ್ಗೆ ಮೆತ್ತನೆಯ ಬಟ್ಟೆ ಹಿಡಿದು ಅದರ ಮೂತಿ ಒರೆಸುವವರು ಅವರೇ.

ಮೂರು ತಿಂಗಳ ಹಿಂದೆ ಈ ಕಿರಿಕಿರಿ ಸದ್ದು ಶುರುವಾದ ಮೇಲೆ ಮಾತ್ರ ಅವರ ರಾಗ ಬದಲಾಗಿತ್ತು.

"ಕಂಪನಿ ಸರ್ವಿಸ್‌ಗೆ ಕೊಡು. ದಾರಿ ಮಧ್ಯೆ ಎಂಜಿನ್ ಬೆಂದುಹೋದ್ರೆ ದೊರೆಸಾನಿ ನೇರ ಗುಜರಿಗೆ."

"ಮೇಸ್ತ್ರಿಗೆ ಏನಂತ ಹೇಳ್ಲಿ?"

"ನಿಮಗೆ ಕಿವಿ ಕೇಳಿಸ್ತಿಲ್ಲ ಅಂತ ಹೇಳು."

"ನೀವೇ ಹೇಳಿ, ನೋಡೋಣ."

ಗಂಡ ಪೇಪರಿನೊಳಗೆ ಮುಖ ಹುದುಗಿಸಿದರು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ಕಂಪ್ಯೂಟರ್ ಹಚ್ಚುವ ಮೊದಲೇ ಬರೀ ಕಿವಿಗೊಟ್ಟು ರೋಗ ಹೇಳುವವರೆಂದು ಮೇಸ್ತ್ರಿಗೆ ಹೆಸರು, ಆ ಹೆಸರಿನಿಂದಲೇ ಅವರ ಅನ್ನ. ಕಿವಿ ಹೋಗಿದೆ ಎಂದು ಊರಿಗೆ ಗೊತ್ತಾದರೆ ನಾಳೆಯಿಂದ ಒಂದು ಕಾರೂ ಅತ್ತ ತಿರುಗುವುದಿಲ್ಲ. ಡಾಕ್ಟರಿಗೆ ಇದು ಬಾಯಲ್ಲಿಟ್ಟುಕೊಂಡ ಬಿಸಿತುಪ್ಪ, ಉಗುಳಲೂ ಆಗದು, ನುಂಗಲೂ ಆಗದು.

ಆದರೆ ಇವತ್ತು ಕಾರು ಗ್ಯಾರೇಜಿನ ಗೇಟು ದಾಟುವ ಮೊದಲೇ ಡ್ಯಾಶ್‌ಬೋರ್ಡಿನ ಶಾಖದ ಮುಳ್ಳು ಒಂದು ಗೀಟು ಮೇಲೇರಿತು. ಡಾಕ್ಟರು ರಿವರ್ಸ್ ಹಾಕಿ ವಾಪಸು ಬಂದು, ಮುಳ್ಳಿನ ಕಡೆ ಬೆರಳು ತೋರಿಸಿದರು. ಮೇಸ್ತ್ರಿ ಒಂದು ಉದ್ದನೆಯ ಸ್ಕ್ರೂಡ್ರೈವರ್ ತಂದು, ತುದಿಯನ್ನು ನೀರಿನ ಪಂಪಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡರು. ಬಲಗಿವಿ ಆಯಿತು, ಎಡಗಿವಿ ಆಯಿತು.

"ಏನೂ ಇಲ್ವಲ್ಲ," ಎಂದರು. ದನಿಯಲ್ಲಿ ಈಗ ಗೆಲುವಿರಲಿಲ್ಲ, ಹೆದರಿಕೆ ಇತ್ತು. ಡಾಕ್ಟರು ಕಾರಿನಿಂದ ಇಳಿದು ಹತ್ತಿರ ಬಂದರು.

"ಮೇಸ್ತ್ರಿ, ಬಾಯಿ ತೆಗೀರಿ."

"ಏನು?"

"ಬಾಯಿ! ಆ ಹಿಡೀನ ಹಲ್ಲಲ್ಲಿ ಕಚ್ಚಿ. ಕಿವಿ ಕೇಳಿಸದೇ ಇರೋ ಎಷ್ಟೋ ಜನ ನನ್ನ ಡ್ರಿಲ್ ಸದ್ದಿಗೆ ಕುರ್ಚಿ ಬಿಟ್ಟು ಹಾರ್ತಾರೆ. ಸದ್ದು ಹಲ್ಲಿಂದ ಮೂಳೆಗೆ ಹತ್ತುತ್ತೆ."

ಮೂರು ತಿಂಗಳು ತಡೆದಿದ್ದ ಮಾತು ಹೀಗೆ ಹೊರಗೆ ಬಿದ್ದಿತ್ತು. ಮೇಸ್ತ್ರಿ ಆಕೆಯನ್ನೇ ದಿಟ್ಟಿಸಿದರು. ಆಮೇಲೆ ಹಿಡಿಯನ್ನು ಅಂಗಿಗೆ ಒರೆಸಿ, ಕಚ್ಚಿ, ಬಗ್ಗಿದರು.

ಅವರ ಹುಬ್ಬು ಮೇಲೇರಿತು. ತುದಿಯನ್ನು ಪಂಪಿನಿಂದ ಪಕ್ಕದ ಬೆಲ್ಟ್ ಚಕ್ರದ ಬುಡಕ್ಕೆ, ಅಲ್ಲಿಂದ ಮತ್ತೆ ಪಂಪಿಗೆ ಸರಿಸಿದರು. ಅರಳಿದ ಮುಖ ನೋಡುನೋಡುತ್ತಲೇ ಬಾಡಿತು.

"ಪಂಪಿನ ಬೇರಿಂಗು, ಪೂರ್ತಿ ಹೋಗಿದೆ." ಎಂಜಿನ್ ಆರಿಸುವಂತೆ ಕೈಸನ್ನೆ ಮಾಡಿದರು. "ಇದು ನಿನ್ನೆ ಮೊನ್ನೆಯದಲ್ಲ. ಯಾವಾಗಿಂದ ಇದೆ?"

"ಇವತ್ತು ಬೆಳಿಗ್ಗೆಯಿಂದ," ಎಂದು ಡಾಕ್ಟರು ಗಟ್ಟಿಯಾಗಿ ಹೇಳಿದರು.

"ಸುಳ್ಳು ಹೇಳೋಕೆ ಬರಲ್ಲ ನಿಮಗೆ," ಎಂದು ಮೇಸ್ತ್ರಿ ಸ್ವಲ್ಪ ನಕ್ಕರು. ಕಣ್ಣು ಒದ್ದೆಯಾಗಿತ್ತು. "ಇನ್ನೊಂದ್ಸಲ ಸ್ಟಾರ್ಟ್ ಮಾಡಿ."

"ಯಾಕೆ? ಗೊತ್ತಾಯ್ತಲ್ಲ."

"ಮಾಡೀಂದ್ರೆ."

ಡಾಕ್ಟರು ಮತ್ತೆ ಕಾರು ಹತ್ತಿ ಕೀಲಿ ತಿರುಗಿಸಿದರು. ಈ ಸಲ ಮೇಸ್ತ್ರಿ ತುದಿಯನ್ನು ಪಂಪಿಗೆ ಇಡಲಿಲ್ಲ. ಯಾವ ರೋಗವೂ ಇಲ್ಲದ ಎಂಜಿನ್ನಿನ ನಟ್ಟನಡುವಿಗೆ ಇಟ್ಟು, ಹಿಡಿಯನ್ನು ಕಚ್ಚಿ, ಎಷ್ಟೋ ದಿನದಿಂದ ಕೇಳಿರದ ಸದ್ದನ್ನು ಕಣ್ಣು ಮುಚ್ಚಿ ಕೇಳತೊಡಗಿದರು. ಡಾಕ್ಟರು ಶಾಖದ ಮುಳ್ಳಿನ ಮೇಲೆ ಕಣ್ಣಿಟ್ಟು, ಕೀಲಿಯ ಮೇಲೆ ಕೈಯಿಟ್ಟು, ಇನ್ನೊಂದು ನಿಮಿಷ, ಇನ್ನೊಂದೇ ನಿಮಿಷ ಎಂದು ಕಾಯುತ್ತ ಕೂತರು.