ಇಪ್ಪತ್ತೈದನೆಯ ಸುತ್ತು

ನಾನೊಂದು ಸೋಡಾ ಬಾಟಲಿ. ಗೋಲಿಯದಲ್ಲ, ತಗಡಿನ ಮುಚ್ಚಳದ್ದು. ದಪ್ಪ ಗಾಜು, ತಿಳಿ ಹಸಿರು ಬಣ್ಣ. ನನ್ನನ್ನು ಮಾಡಿದ ಕುಲುಮೆಗೆ ಅರ್ಧದಷ್ಟು ಮರಳು ಸುರಿದಿದ್ದರು. ಉಳಿದರ್ಧ ಒಡೆದ ಹಳೆಯ ಬಾಟಲಿಗಳ ಚೂರು. ಹಾಗಾಗಿ ನಾನು ನಿಜಕ್ಕೂ ಯಾವಾಗ ಹುಟ್ಟಿದೆ ಎಂದು ಕೇಳಿದರೆ ಹೇಳುವುದು ಕಷ್ಟ.

ಗಾಜು ತಣ್ಣಗಾದ ಮೇಲೆ ಒಂದು ಬೆಳಕಿನ ಸೂಜಿ ನನ್ನ ಹೆಗಲಿನ ಮೇಲೆ ಚುಕ್ಕಿಗಳನ್ನು ಕೊರೆಯಿತು. ಉಗುರಿನಷ್ಟು ಅಗಲದ ಒಂದು ಚೌಕ. ನೋವಾಗಲಿಲ್ಲ. ಆ ಚೌಕವೇ ನನ್ನ ಗುರುತು. ಯಂತ್ರಗಳು ಅದನ್ನು ಓದಿ ನಾನು ಯಾರು, ಎಷ್ಟು ಸಲ ತುಂಬಿಸಿಕೊಂಡಿದ್ದೇನೆ, ಎಲ್ಲಿಗೆ ಹೋಗಿ ಬಂದೆ ಎಂದು ತಿಳಿಯುತ್ತಿದ್ದವು.

ನನ್ನನ್ನು ಕೊಂಡದ್ದು ತಿಪಟೂರಿನ ಕಡೆಯ ಒಂದು ಸೋಡಾ ಕಾರ್ಖಾನೆ. ಅಲ್ಲಿ ಮೊದಲು ಇಂಥ ಗುರುತು ಇರಲಿಲ್ಲವಂತೆ. ಒಂದೇ ಬಾಟಲಿ ಹತ್ತು ವರ್ಷ ಓಡಾಡುತ್ತಿತ್ತು. ಗಾಜಿಗೂ ದಣಿವು ಎಂಬುದೊಂದಿದೆ. ಅದು ಹೊರಗೆ ಕಾಣುವುದಿಲ್ಲ. ಒಂದು ದಿನ ಗ್ಯಾಸ್ ತುಂಬುವಾಗ ಹಳೆಯ ಬಾಟಲಿಯೊಂದು ಸಿಡಿದು ನಿಂಗಮ್ಮ ಎಂಬ ಹೆಂಗಸಿನ ಎಡಗೈಯ ಎರಡು ಬೆರಳು ಶಾಶ್ವತವಾಗಿ ಸೆಟೆದುಕೊಂಡವು. ಆಮೇಲೆ ಬಂದದ್ದು ಈ ಚುಕ್ಕಿಗಳು. ಇಪ್ಪತ್ತೈದು ಸಲ ತುಂಬಬಹುದು, ಅಷ್ಟೇ. ಇನ್ನೊಂದು ನಿಯಮವೂ ಇತ್ತು. ಮಾರಾಟವಾಗಿ ವರ್ಷದೊಳಗೆ ಹಿಂದಿರುಗದ ಬಾಟಲಿಯನ್ನು ಮತ್ತೆ ತುಂಬುವಂತಿಲ್ಲ. ಅದರೊಳಗೆ ಜನ ಸೀಮೆಎಣ್ಣೆ ಇಟ್ಟಿದ್ದರೋ, ಆಸಿಡ್ ಇಟ್ಟಿದ್ದರೋ, ಯಾರಿಗೆ ಗೊತ್ತು?

ನಿಂಗಮ್ಮ ಕೆಲಸ ಬಿಡಲಿಲ್ಲ. ತೊಳೆದ ಬಾಟಲಿಗಳು ಬಿಳಿ ದೀಪದ ಮುಂದೆ ಸಾಲಾಗಿ ಹಾದುಹೋಗುವಾಗ ಬಿರುಕು ಹುಡುಕುವ ಜಾಗದಲ್ಲಿ ಅವಳನ್ನು ಕೂರಿಸಿದರು. ಹದಿನೆಂಟನೆಯ ಸುತ್ತಿನಲ್ಲಿ ಅವಳು ನನ್ನನ್ನು ಎತ್ತಿಕೊಂಡು ಹೆಗಲ ಮೇಲಿನ ಬಿಳಿ ಗೀರುಗಳನ್ನು ನೋಡಿದಳು.

"ಏನ್ ಅಜ್ಜಿ, ಇನ್ನೂ ಐದಿಯಾ?" ಎಂದು ನಕ್ಕಳು. "ನನಗಿಂತ ನೀನೇ ವಾಸಿ ಬುಡು. ನಿಂಗೆ ಯಾವತ್ತು ರಿಟೇರ್‌ಮೆಂಟು ಅಂತ ಬರ್ದೈತೆ."

ನನ್ನೊಂದಿಗೆ ಮಾತಾಡುತ್ತಿದ್ದವಳು ಅವಳೊಬ್ಬಳೇ.

ಮೊದಲ ಇಪ್ಪತ್ತಮೂರು ಸುತ್ತುಗಳಲ್ಲಿ ಯಾರ ಯಾರ ಮನೆಗೆ ಹೋಗಿದ್ದೆ ಎಂದು ಕೇಳಬೇಡಿ. ಹೇಳಲಾರೆ. ಪ್ರತಿ ಸಲ ಹಿಂದಿರುಗಿದಾಗಲೂ ಕುದಿಯುವ ಕ್ಷಾರದ ನೀರಿನಲ್ಲಿ ತಲೆಕೆಳಗಾಗಿ ಮುಳುಗಿಸುತ್ತಿದ್ದರು. ತುಟಿಗಳು, ಬೆರಳುಗಳು, ವಾಸನೆಗಳು ಎಲ್ಲ ಹೋಗುತ್ತಿದ್ದವು. ಬಾಯಿಯ ಅಂಚಿನಲ್ಲಿ ಒಂದು ಸಣ್ಣ ಮುಕ್ಕಿದೆ. ಯಾರೋ ಹಲ್ಲಿನಿಂದ ಮುಚ್ಚಳ ತೆಗೆಯಲು ಹೋಗಿರಬೇಕು. ಬುಡದಲ್ಲೊಂದು ಗೀರಿದೆ, ಅದು ಯಾವುದೋ ಕಲ್ಲಿನ ಮೆಟ್ಟಿಲಿನದು. ಗಾಯ ಉಳಿಯಿತು, ಗಾಯ ಮಾಡಿದವರು ಉಳಿಯಲಿಲ್ಲ. ಮರೆಯುವುದೇ ನನ್ನ ಕೆಲಸ ಎಂದುಕೊಂಡು ಆರಾಮವಾಗಿದ್ದೆ.

ಇಪ್ಪತ್ತನಾಲ್ಕನೆಯ ಸಲ ನನ್ನೊಳಗೆ ಜಿಂಜರ್ ಸೋಡಾ ತುಂಬಿದರು. ತಲುಪಿದ್ದು ಕೋಟೆ ಬೀದಿಯ ಮೂಲೆಯಲ್ಲಿದ್ದ ದೇವೀರಪ್ಪನ ಅಂಗಡಿಗೆ. ಬಾಟಲಿ ಹೊರಗೆ ಹೋಗುವಾಗಲೂ ಒಳಗೆ ಬರುವಾಗಲೂ ಅಂಗಡಿಯಲ್ಲೇ ಅದರ ಚುಕ್ಕಿ ಓದಿಸಬೇಕೆಂದು ಕಂಪನಿಯವರು ಆ ತಿಂಗಳಷ್ಟೇ ಅವನ ಕೈಗೆ ಒಂದು ಯಂತ್ರ ಕೊಟ್ಟಿದ್ದರು. ಓದಿದರೆ ಹಸಿರು ದೀಪ ಹತ್ತಿ 'ಟಿಣ್' ಎನ್ನುತ್ತಿತ್ತು. ಓದಲಾಗದಿದ್ದರೆ ಸುಮ್ಮನಿರುತ್ತಿತ್ತು.

ಜೂನ್ ತಿಂಗಳ ಒಂದು ಸಂಜೆ. ಮಳೆ ಬಂದು ನಿಂತಿತ್ತು. ಮೂವತ್ತರ ಆಸುಪಾಸಿನ ಹೆಂಗಸೊಬ್ಬಳು ಚಪ್ಪಲಿ ಇಲ್ಲದೆ ಅಂಗಡಿಗೆ ಬಂದಳು. ಎದುರು ಸಾಲಿನ ಮನೆಯ ಕುಮುದಾ, ಕಾಲೇಜಿನ ಗ್ರಂಥಪಾಲಕಿ.

"ದೇವೀರಪ್ಪನೋರೆ, ಒಂದು ಜಿಂಜರ್ ಸೋಡಾ ಕೊಡಿ. ಬೇಗ. ಇವ್ರಿಗೆ ಎದೆ ಉರೀತಿದೆಯಂತೆ."

"ಉರೀದೆ ಏನಾದಾತು? ಮಧ್ಯಾಹ್ನ ಬಜ್ಜಿ ಗಾಡಿ ಮುಂದೆ ನಿಂತಿದ್ರು ನಿಮ್ಮ ಯಜಮಾನ್ರು. ಮೌನೇಸಣ್ಣ, ಸಾಕು ಬುಡಿ ಅಂದೆ. ನನ್ನ ಮಾತು ಕೇಳ್ತಾರಾ?" ನಗುತ್ತಲೇ ಅವನು ನನ್ನನ್ನು ಎತ್ತಿ ಯಂತ್ರದ ಮುಂದೆ ಹಿಡಿದ.

ಯಂತ್ರ ಸುಮ್ಮನಿತ್ತು.

ತಪ್ಪು ನನ್ನದು. ಇಪ್ಪತ್ತಮೂರು ಸುತ್ತುಗಳಲ್ಲಿ ಪಕ್ಕದ ಬಾಟಲಿಗಳಿಗೆ ಉಜ್ಜಿ ಉಜ್ಜಿ ನನ್ನ ಚುಕ್ಕಿಗಳು ಮಸುಕಾಗಿದ್ದವು. ಅವನು ಹೆಗಲ ಮೇಲಿನ ಟವೆಲಿನಿಂದ ಒರೆಸಿದ. ಮತ್ತೆ ಹಿಡಿದ. ಇಲ್ಲ.

"ಬೇರೆ ಕೊಡಿ," ಎಂದಳು ಕುಮುದಾ.

"ಜಿಂಜರ್ ಇದೊಂದೇ ಉಳ್ದಿರೋದು ಕಣಮ್ಮ. ಒಂಚೂರು ತಡೀರಿ. ಓದಿಸ್ದೆ ಕೊಟ್ರೆ ಕಂಪ್ನಿಯೋರು ಬೈತಾರೆ. ಹೊಸ ಮಿಷನ್ನು, ಹೊಸ ಅಳಿಯನ ಥರ ಮುನಿಸ್ಕಂತದೆ."

ಅವಳು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ ನಿಂತಳು. ಅವನು ನನ್ನ ಹೆಗಲಿಗೆ ಬಾಯಿಯ ಹಬೆ ಊದಿ ಮತ್ತೆ ಒರೆಸಿದ. ಓರೆಯಾಗಿ ಹಿಡಿದ. ಟಿಣ್.

ಅವಳು ನನ್ನನ್ನು ಕಸಿದುಕೊಂಡವಳಂತೆ ಹಿಡಿದು ಓಡಿದಳು.

ಮೌನೇಶ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಲೇತ್ ಅಂಗಡಿಯ ಎಣ್ಣೆ ಕಲೆ ಇನ್ನೂ ಬೆರಳುಗಳಲ್ಲಿತ್ತು. ಮುಖದ ತುಂಬ ಬೆವರು. ಅವನ ತಾಯಿ ಕಾಳಮ್ಮ ಬೆನ್ನು ನೀವುತ್ತಿದ್ದರು. ಅವನು ನನ್ನನ್ನು ಬಾಯಿಗಿಟ್ಟು ನಾಲ್ಕು ಗುಟುಕು ಕುಡಿದ. ದೊಡ್ಡದಾಗಿ ತೇಗಿದ.

"ನೋಡಿದ್ಯಾ, ಹೋಯ್ತು," ಎಂದು ಹೆಂಡತಿಯ ಕಡೆ ನೋಡಿ ನಕ್ಕ. "ಆಸ್ಪತ್ರೆ ಆಸ್ಪತ್ರೆ ಅಂತ ಹೆದರಿಸ್ತಿದ್ದೆಯಲ್ಲ."

ನನ್ನನ್ನು ನೆಲದ ಮೇಲಿಟ್ಟ. ಸ್ವಲ್ಪ ಹೊತ್ತಿಗೆ ಅವನ ಕೈ ನನ್ನ ಪಕ್ಕಕ್ಕೆ ಬಂದು ಬಿತ್ತು. ಅಂಗೈ ಮೇಲಾಗಿತ್ತು. ಆಮೇಲೆ ಕೂಗು, ಆಂಬುಲೆನ್ಸ್, ಓಡಾಟ. ಯಾರದೋ ಕಾಲು ತಗುಲಿ ನಾನು ಬಾಗಿಲ ಮರೆಗೆ ಉರುಳಿದೆ. ಉಳಿದ ಸೋಡಾ ನೆಲದ ಮೇಲೆ ಹರಿಯಿತು.

ಹದಿನಾಲ್ಕು ದಿನಗಳ ನಂತರ ಬಾಗಿಲ ಹಿಂದೆ ಗುಡಿಸಲು ಬಂದ ಕುಮುದಾ ನನ್ನನ್ನು ಕಂಡಳು. ಪೊರಕೆ ಕೆಳಗಿಟ್ಟು ಅಲ್ಲೇ ಕೂತಳು. ಬಹಳ ಹೊತ್ತಿನ ಮೇಲೆ ಎದ್ದು ನನ್ನನ್ನು ಅಡುಗೆಮನೆಯ ಶೆಲ್ಫಿನಲ್ಲಿ ಕಾಫಿ ಪುಡಿ ಡಬ್ಬಿಯ ಪಕ್ಕ ಇಟ್ಟಳು. ತೊಳೆಯಲಿಲ್ಲ.

ಅಲ್ಲಿಂದ ನನ್ನ ನೆನಪು ಶುರುವಾಯಿತು.

ತಳದಲ್ಲಿ ಶುಂಠಿಯ ಕಂದು ಬಳೆಯೊಂದು ಒಣಗಿ ಉಳಿದಿತ್ತು. ಮೂರು ದಿನ ಇರುವೆಗಳು ಬಂದವು. ಆಮೇಲೆ ಅವೂ ಬಿಟ್ಟುಹೋದವು. ಬಾಯಿಯ ಅಂಚಿನಲ್ಲಿ ಅವನ ತುಟಿ, ಸೊಂಟದ ಮೇಲೆ ಅವನ ಎಣ್ಣೆಯ ಬೆರಳಚ್ಚು. ಇನ್ನೊಬ್ಬರ ಗುರುತು ಇಷ್ಟು ದಿನ ನನ್ನ ಮೇಲೆ ಎಂದೂ ನಿಂತಿರಲಿಲ್ಲ. ನೆನಪು ಇಷ್ಟು ಭಾರ ಎಂದು ನನಗೆ ಗೊತ್ತಿರಲಿಲ್ಲ.

ಮೂರು ತಿಂಗಳಾದ ಮೇಲೆ ಕುಮುದಾ ಮತ್ತೆ ಕಾಲೇಜಿಗೆ ಹೋಗತೊಡಗಿದಳು. ಸಂಜೆ ಬಂದು ಒಬ್ಬಳೇ ಕಾಫಿ ಮಾಡಿಕೊಂಡು ಶೆಲ್ಫಿನ ಎದುರಿನ ಸ್ಟೂಲಿನ ಮೇಲೆ ಕೂರುತ್ತಿದ್ದಳು. ಅಳುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದಳು. ಕಾಫಿ ಕೆನೆಗಟ್ಟಿದ ಮೇಲೆ ಚೆಲ್ಲುತ್ತಿದ್ದಳು. ಗೋಡೆಯ ಮೇಲಿನ ಕ್ಯಾಲೆಂಡರ್ ಜೂನ್ ಹಾಳೆಯಲ್ಲೇ ಇತ್ತು. ಯಾರೂ ಹರಿಯಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಅವಳು ನನ್ನನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟಳು. ಮುಚ್ಚಿದ್ದ ಅಂಗಡಿಯವರೆಗೆ ನಡೆದಳು. ತಿರುಗಿ ಮನೆಗೆ ನಡೆದಳು. ಗಡಿಯಾರ ನೋಡಿದಳು. ಹೋಗಿ ಬರಲು ನಾಲ್ಕು ನಿಮಿಷ. ಮತ್ತೊಮ್ಮೆ ಹೋದಳು. ಮತ್ತೆ ನಾಲ್ಕೇ.

"ಅಲ್ಲಿ ನಿಂತಿದ್ದೆ ಅತ್ತೆ," ಎಂದಳು ಅಂದು ಸಂಜೆ, ಸೊಪ್ಪು ಬಿಡಿಸುತ್ತಿದ್ದ ಕಾಳಮ್ಮನಿಗೆ. "ಆ ಬಾಟಲಿ ಓದಿಸೋಕೆ ಅವ್ರು ಒರೆಸ್ತಾನೇ ಇದ್ರು. ಅರ್ಧ ಗಂಟೆ ನಿಂತಿದ್ದೆ ಅನ್ಸುತ್ತೆ. ಅಷ್ಟರಲ್ಲಿ ಆಟೋ ಕರೆದಿದ್ರೆ ಆಸ್ಪತ್ರೇಲಿ ಇರ್ತಿದ್ವಿ."

ಕಾಳಮ್ಮ ಸೊಪ್ಪಿನಿಂದ ಕಣ್ಣೆತ್ತಲಿಲ್ಲ. "ಉರಿ ಅಂದ. ಉರಿ ಅಂದ್ರೆ ಸೋಡಾ ತಾನೆ ತರೋದು? ನಾನಾಗಿದ್ರೂ ಅದನ್ನೇ ತರ್ತಿದ್ದೆ."

"ಎಷ್ಟು ಹೊತ್ತು ನಿಂತಿದ್ದೆ ಅಂತ ಗೊತ್ತಾಗ್ಬೇಕು ಅತ್ತೆ ನಂಗೆ."

"ಗೊತ್ತಾಗಿ?"

ಕುಮುದಾ ಸೊಪ್ಪಿನ ಕಡ್ಡಿಗಳನ್ನು ಒಟ್ಟುಮಾಡಿಕೊಂಡು ಎದ್ದಳು. ನನಗೆ ಮಾತು ಬರುತ್ತಿದ್ದರೆ ಹೇಳುತ್ತಿದ್ದೆ. ನಾನಲ್ಲವೆ ಓದಿಸಿಕೊಳ್ಳದೆ ಹಟ ಮಾಡಿದವಳು?

ಚಳಿಗಾಲದಲ್ಲಿ ಒಮ್ಮೆ ದೇವೀರಪ್ಪ ಮನೆ ಬಾಗಿಲಿಗೆ ಬಂದ. ಒಳಗೆ ಬರಲಿಲ್ಲ. ಹೊಸ್ತಿಲಾಚೆ ನಿಂತೇ ಮಾತಾಡಿದ.

"ಕುಮುದಮ್ಮ, ಕೇಳ್ಬಾರ್ದು ನಾನು. ಆ ಬಾಟ್ಲಿ... ವರ್ಷದೊಳಗೆ ಬರ್ಲಿಲ್ಲ ಅಂದ್ರೆ ಅದರ ನಂಬರ್ ಸತ್ತೋಯ್ತದೆ. ತಿರ್ಗಾ ತುಂಬಾಕಿಲ್ಲ, ಪುಡಿ ಮಾಡ್ತಾರೆ. ಇನ್ನೊಂದ್ ಸುತ್ತು ಬಾಕಿ ಐತೆ ಅದಕ್ಕೆ. ಅರ್ಜೆಂಟೇನಿಲ್ಲ. ನಿಮ್ಗೆ ಗೊತ್ತಿರ್ಲಿ ಅಂತ."

ಅವನು ಅವಳ ಮುಖ ನೋಡುತ್ತಿರಲಿಲ್ಲ. ಅವಳೂ ನೋಡಲಿಲ್ಲ. ಅವನು ಮೆಟ್ಟಿಲಿಳಿದು ಹೋದ.

ಆಮೇಲೆ ಅವಳು ನನ್ನನ್ನು ಕೈಗೆತ್ತಿಕೊಂಡು ಹೆಗಲ ಚುಕ್ಕಿಗಳನ್ನು ಬೆರಳಿನಿಂದ ಸವರಿದಳು. "ಪುಸ್ತಕದ ಥರಾನೇ," ಎಂದಳು. "ಕೊಟ್ಟರೆ ಇನ್ನೊಬ್ಬರಿಗೆ ಹೋಗುತ್ತೆ."

ಕೊಡಬೇಕೆಂದು ಅವಳು ನಿಶ್ಚಯಿಸಿದ್ದು ಆ ದಿನವೇ. ಇನ್ಯಾರದೋ ಮನೆಯಲ್ಲಿ, ಇನ್ಯಾರಾದರೂ ನಕ್ಕು ಕುಡಿದು ಪೂರ್ತಿ ಖಾಲಿ ಮಾಡಲಿ ಎಂದು. ನನಗೆ ಉಳಿದಿದ್ದ ಆ ಒಂದೇ ಒಂದು ಸುತ್ತು ಅವಳ ಪಾಲಿಗೆ ದೊಡ್ಡದಾಯಿತು. ಆದರೆ ಕಾಳಮ್ಮ ಅಡ್ಡ ಬಂದರು.

"ವರ್ಷದ ತಿಥಿ ಆಗೋವರೆಗೂ ಅವನು ಮುಟ್ಟಿದ್ದು ಯಾವುದೂ ಹೊಸ್ತಿಲು ದಾಟಬಾರ್ದು ಮಗಾ. ಮಾರನೇ ದಿನ ಕೊಡುವಂತೆ. ವರ್ಷದೊಳಗೆ ತಾನೆ ಅವನು ಹೇಳಿದ್ದು?"

ಕುಮುದಾ ತಲೆಯಾಡಿಸಿದಳು. ಕಾಲೇಜಿನಲ್ಲಿ ದಿನಕ್ಕೆ ನೂರು ಪುಸ್ತಕಗಳಿಗೆ ಹಿಂದಿರುಗಿಸುವ ದಿನಾಂಕದ ಮುದ್ರೆ ಒತ್ತುತ್ತಿದ್ದ ಕೈ ಅವಳದು. ಮನೆಯಲ್ಲಿ ಮಾತ್ರ ಅವಳು ದಿನ ನೋಡುವುದನ್ನು ಬಿಟ್ಟಿದ್ದಳು. ಪುರೋಹಿತರು ಹೇಳಿದ ದಿನವೇ ಅವಳಿಗೂ ದಿನ.

ಜ್ಯೇಷ್ಠ ಬಹುಳ ಪಂಚಮಿ ಬಂತು. ಪಿಂಡ ಇಟ್ಟರು, ಕಾಗೆ ಕರೆದರು, ನೆಂಟರು ಉಂಡು ಹೋದರು. ಮಾರನೆಯ ಬೆಳಿಗ್ಗೆ ಕುಮುದಾ ನನ್ನನ್ನು ಬಚ್ಚಲಿಗೆ ಒಯ್ದಳು. ಬಿಸಿನೀರು ಹಾಕಿ ಕುಲುಕಿದಳು. ಕಂದು ಬಳೆ ಬಿಡಲಿಲ್ಲ. ಅಕ್ಕಿ ಕಾಳು ಹಾಕಿ ಕುಲುಕಿದಳು. ಆಗ ಅದು ಚೂರು ಚೂರಾಗಿ ಎದ್ದು ನೀರಿನ ಜೊತೆ ಹೋಯಿತು. ಹೊರಮೈಯ ಎಣ್ಣೆ ಬೆರಳಚ್ಚಿನ ಹತ್ತಿರ ಬಂದಾಗ ಅವಳ ಕೈ ನಿಂತಿತು. ಆಮೇಲೆ ಅದನ್ನೂ ಉಜ್ಜಿದಳು. ಕಾರ್ಖಾನೆಯ ಕುದಿಯುವ ನೀರಿನಲ್ಲಿ ನನಗೆ ಎಂದೂ ಅಷ್ಟು ಸುಟ್ಟಿರಲಿಲ್ಲ.

ಚಪ್ಪಲಿ ಮೆಟ್ಟಿಕೊಂಡು, ಕೂದಲು ಬಾಚಿಕೊಂಡು ಅವಳು ಅಂಗಡಿಗೆ ಹೋದಳು.

"ತಗೊಳ್ಳಿ. ವರ್ಷದೊಳಗೇ ತಂದಿದ್ದೀನಿ."

ದೇವೀರಪ್ಪ ಎರಡೂ ಕೈಯಲ್ಲಿ ನನ್ನನ್ನು ತೆಗೆದುಕೊಂಡ. ಮೆಲ್ಲಗೆ ಒರೆಸಿ, ಓರೆಯಾಗಿ ಹಿಡಿದ. ಈ ಸಲ ನಾನು ಮೊದಲಿಗೇ ಓದಿಸಿಕೊಂಡೆ. ಕೆಂಪು ದೀಪ ಹತ್ತಿತು.

ಅವನು ಇನ್ನೊಮ್ಮೆ ಹಿಡಿದ. ಕೆಂಪು.

"ಮುನ್ನೂರ ಎಂಬತ್ತೈದು ದಿನ ಅಂತ ತೋರಿಸ್ತೈತೆ ಕಣಮ್ಮ. ಇಪ್ಪತ್ತು ದಿನ ಜಾಸ್ತಿ ಆಗೋಗೈತೆ."

"ನಿನ್ನೆ ತಾನೆ ವರ್ಷದ ತಿಥಿ ಆಯ್ತು," ಎಂದಳು ಕುಮುದಾ. ಎಂದವಳೇ ತಡೆದಳು. ಆ ವರ್ಷ ಅಧಿಕ ಶ್ರಾವಣ ಬಂದಿತ್ತು. ಪಂಚಾಂಗದ ವರ್ಷಕ್ಕೆ ಹದಿಮೂರು ತಿಂಗಳು. ಯಂತ್ರಕ್ಕೆ ಅಧಿಕ ಮಾಸ ಗೊತ್ತಿಲ್ಲ.

ಬೀದಿಯಲ್ಲಿ ಕೊಬ್ಬರಿ ಮೂಟೆಯ ಗಾಡಿಯೊಂದು ಹೋಯಿತು.

"ಇದು ಇನ್ ಕಂಪ್ನಿಗೆ ಬ್ಯಾಡ. ನೀವೇ ಮಡೀಕಳಿ," ಎಂದ ದೇವೀರಪ್ಪ. "ಕುಮುದಮ್ಮ, ಒಂದ್ ಮಾತು. ಅವತ್ತು ನಾನು ಈ ಮಿಷನ್ ಹಿಡ್ಕಂಡು ನಿಮ್ಮನ್ನ ನಿಲ್ಲಿಸ್ಕಂಡೆ. ಹೋಗ್ಲಿ ತಕ್ಕಂಡ್ ಹೋಗಿ ಅನ್ಬೋದಿತ್ತು. ಬೈದ್ರೆ ಬೈಸ್ಕತಿದ್ದೆ. ದಿನಾ ಅಂಗಡಿ ಬಾಗ್ಲು ತೆಗೆಯೋವಾಗ ಅದೇ ಗ್ಯಾಪ್ಕ ಬತ್ತದೆ."

ಅವಳು ಯಂತ್ರದ ಕಡೆ ಕೈ ತೋರಿಸಿದಳು. "ಅದರಲ್ಲಿ ಅವತ್ತಿಂದು ಇರುತ್ತಾ? ಹೊತ್ತು?"

ಅವನು ಕನ್ನಡಕ ಏರಿಸಿ ಒತ್ತುತ್ತ ಹೋದ. ಸ್ವಲ್ಪ ಹುಡುಕಬೇಕಾಯಿತು. ಸಿಕ್ಕಿದ ಮೇಲೆ ಓದದೆ ಯಂತ್ರವನ್ನೇ ಅವಳ ಕಡೆ ತಿರುಗಿಸಿದ. ಓದಲಾಗಲಿಲ್ಲ, ಏಳು ಮೂವತ್ತೆಂಟು. ಓದಲಾಗಲಿಲ್ಲ, ಏಳು ಮೂವತ್ತೊಂಬತ್ತು. ಮಾರಾಟ, ಏಳು ನಲವತ್ತೊಂದು.

"ಮೂರು ನಿಮಿಷ," ಎಂದಳು ಕುಮುದಾ.

ಮತ್ತೊಮ್ಮೆ ಓದಿದಳು. ಅವಳು ಒಂದು ವರ್ಷ ಹೊತ್ತಿದ್ದ ಅರ್ಧ ಗಂಟೆ ಅಲ್ಲಿರಲಿಲ್ಲ. ಮೂರು ನಿಮಿಷದಲ್ಲಿ ಅವನು ಉಳಿಯುತ್ತಿದ್ದನೋ ಇಲ್ಲವೋ ಆ ಯಂತ್ರ ಹೇಳಲಾರದು. ನಾನೂ ಹೇಳಲಾರೆ. ಆದರೆ ಮೂರು ನಿಮಿಷವನ್ನು ಇಬ್ಬರು ಸೇರಿ ಹೊರಬಹುದೇನೋ.

"ಬಾಟಲಿ ಬೇಡ," ಎಂದಳು ಅವಳು. "ಎಲ್ಲಿ ಹಾಕ್ಬೇಕು?"

ಅಂಗಡಿಯ ಪಕ್ಕದ ಸಂದಿಯಲ್ಲಿ ಕೆಂಪು ದೀಪದ ಬಾಟಲಿಗಳಿಗಾಗಿ ಇಟ್ಟಿದ್ದ ನೀಲಿ ಡ್ರಮ್ಮನ್ನು ದೇವೀರಪ್ಪ ತೋರಿಸಿದ. "ಎಸೆದ್ಬುಡಿ. ಒಡೆದ್ರೂ ಪರವಾಗಿಲ್ಲ, ಹೆಂಗೂ ಒಡೆಯೋದೇ."

ಅವಳು ಎಸೆಯಲಿಲ್ಲ. ತೋಳಿನವರೆಗೆ ಕೈ ಇಳಿಸಿ, ಗಾಜಿನ ಚೂರುಗಳ ನಡುವೆ ಜಾಗ ಹುಡುಕಿ, ನನ್ನನ್ನು ನೆಟ್ಟಗೆ ನಿಲ್ಲಿಸಿದಳು. ಆಮೇಲೆ ಅಂಗಡಿಯ ಮುಂದಕ್ಕೆ ಹೋದಳು. ಅಲ್ಲಿಂದ ಮುಂದೆ ನನಗೆ ಕಾಣಲಿಲ್ಲ, ಕೇಳಿಸಿತು ಅಷ್ಟೇ.

"ಒಂದು ಜಿಂಜರ್ ಸೋಡಾ ಕೊಡಿ."

"ಮನೆಗಾ?"

"ಇಲ್ಲ. ಇಲ್ಲೇ ಕುಡೀತೀನಿ."

ಟಿಣ್ ಎಂದಿತು ಯಂತ್ರ. ಮುಚ್ಚಳ ಬಿಚ್ಚಿದ ಸದ್ದು. ನಂತರ ಬಹಳ ಹೊತ್ತು ಏನೂ ಇಲ್ಲ. ಅವಳು ನಿಧಾನವಾಗಿ, ಕೊನೆಯ ಹನಿಯವರೆಗೆ ಕುಡಿಯುತ್ತಿದ್ದಳು ಎಂದುಕೊಂಡೆ. ಗಾಜು ಮರದ ಹಲಗೆಯ ಮೇಲೆ ಕುಳಿತ ಸದ್ದಾಯಿತು. ಮತ್ತೆ ಟಿಣ್. ಯಾವುದೋ ಬಾಟಲಿ, ಬಹುಶಃ ಎಳೆಯದು, ಹೋದ ಹಾಗೆಯೇ ಹಿಂದಿರುಗಿ ಬಂತು.

ಗುರುವಾರ ಲಾರಿ ಬರುತ್ತದೆ. ಈ ಡ್ರಮ್ಮಿನಲ್ಲಿ ಇಡಿಯಾಗಿರುವವಳು ನಾನೊಬ್ಬಳೇ. ಸುತ್ತ ಇರುವವರು ಒಡೆದವರು, ಯಾರೂ ಮಾತಾಡುವುದಿಲ್ಲ. ಮಳೆ ಬಂದು ನನ್ನೊಳಗೆ ಒಂದು ಬೆರಳಷ್ಟು ನೀರು ನಿಂತಿದೆ. ಕಾರ್ಖಾನೆಯಲ್ಲಿ ಇಳಿಸುವಾಗ ನಿಂಗಮ್ಮ ಕಂಡರೆ, ಅಜ್ಜಿ, ಒಂದು ಸುತ್ತು ಬಾಕಿ ಇತ್ತಲ್ಲೇ ಎನ್ನಬಹುದು. ಆಮೇಲೆ ಕುಲುಮೆ. ಯಾರದೋ ಹೊಸ ಬಾಟಲಿಯ ಅರ್ಧದಲ್ಲಿ ನಾನಿರುತ್ತೇನೆ. ಅದಕ್ಕೆ ಈ ಕಥೆ ಗೊತ್ತಿರುವುದಿಲ್ಲ.

ಅಲ್ಲಿಯವರೆಗೆ ನೆನಪಿಟ್ಟುಕೊಳ್ಳುತ್ತೇನೆ. ತೊಳೆದರೂ ಹೋಗಿಲ್ಲ.