ಹಬ್ಬ ತಂದ ಮಗಳು

ಕುಪ್ಪಸದ ತೋಳಿಗೆ ಕೈ ತೂರಿಸಲು ನಾಗಲಕ್ಷ್ಮಮ್ಮ ಇನ್ನೊಮ್ಮೆ ನೋಡಿದಳು. ಆಗಲಿಲ್ಲ. ಅಂಬುಜಮ್ಮನ ಮೊಣಕೈ ಮಡಿಸಲೇ ಬರುತ್ತಿರಲಿಲ್ಲ. ಹಿತ್ತಲಲ್ಲಿ ಸೀರೆ ಅಡ್ಡ ಕಟ್ಟಿ, ಹಲಗೆಯ ಮೇಲೆ ಮಲಗಿಸಿ, ಕೊಡಗಟ್ಟಲೆ ಬಿಸಿನೀರು ಹೊಯ್ದರೂ ಮೈ ಸಡಿಲವಾಗಲಿಲ್ಲ.

“ಭಾನು, ಒಳ್ಗಡೆಯಿಂದ ಕತ್ರಿ ತತ್ತಾರವ್ವ. ಹಿಂದ್ಗಡೆ ಸೀಳಿ ತೊಡ್ಸಾನ,” ಎಂದಳು. ಆಮೇಲೆ ತನಗೆ ತಾನೇ ಹೇಳಿಕೊಂಡ ಹಾಗೆ, ಆದರೆ ಬೀದಿಗೆಲ್ಲ ಕೇಳುವ ಹಾಗೆ, “ಇವತ್ ಬೆಳಗಾಗ ಹೋದ ಜೀವ ಇಷ್ಟ್ ಬ್ಯಾಗ ಹಿಂಗ್ ಸೆಟ್ಕತದಾ?” ಎಂದಳು.

ನಾಗಲಕ್ಷ್ಮಮ್ಮ ಕೆಟ್ಟವಳಲ್ಲ. ಪಕ್ಕದ ಮನೆಯವಳು, ಕಷ್ಟವೆಂದರೆ ಕರೆಯುವ ಮೊದಲೇ ಬರುವವಳು. ಬಾಯಿಗೊಂದು ಬೀಗವಿರಲಿಲ್ಲ, ಅಷ್ಟೆ.

ನೀರೊಲೆಗೆ ಸೌದೆ ನೂಕುತ್ತಿದ್ದ ಅಂಬುಜಮ್ಮನ ಗಂಡ ವೆಂಕಟಯ್ಯನ ಕೈ ಅಲ್ಲೇ ನಿಂತಿತು. ಅವನ ಅಣ್ಣ ಬೈರಪ್ಪ ಅಡ್ಡ ಕಟ್ಟಿದ ಸೀರೆಯ ಕಡೆ ನೋಡಿದ, ಆಮೇಲೆ ತಮ್ಮನ ಕಡೆ ನೋಡಿದ.

“ಯಾವಾಗ ಹೋದ್ಳು ಅಂದೆ?”

“ಹೇಳುದ್ನಲ್ಲಣ್ಣ. ಕೋಳಿ ಕೂಗೋ ಹೊತ್ನಲ್ಲಿ ನೀರ್ ಕೇಳುದ್ಲು. ನಾನ್ ತರೋ ಹೊತ್ಗೆ ಇಲ್ಲ.”

“ಇವತ್ತು?”

“ಇವತ್ತೇ.”

ಇವತ್ತು ವರ್ಷತೊಡಕು. ನಿನ್ನೆ ಯುಗಾದಿ. ಹಬ್ಬದ ದಿನ ಮನೆಯಲ್ಲಿ ಸಾವಾದರೆ ಆ ಹಬ್ಬ ವಂಶಕ್ಕೇ ಕೆಟ್ಟಂತೆ ಎನ್ನುವುದು ಅವರ ಕಟ್ಟು. ಅದೇ ಹಬ್ಬದ ದಿನ ಮನೆಯಲ್ಲಿ ಒಂದು ಮಗು ಹುಟ್ಟುವವರೆಗೆ ತೋರಣವಿಲ್ಲ, ಎಣ್ಣೆನೀರಿಲ್ಲ, ಒಬ್ಬಟ್ಟಿಲ್ಲ, ಯುಗಾದಿಯ ಚಂದ್ರನಿಗೆ ಕೈಮುಗಿಯುವಂತಿಲ್ಲ. ಅಣ್ಣತಮ್ಮಂದಿರ ಮನೆಗಳಿಗೆಲ್ಲ ಅದೇ ಗತಿ.

ವೆಂಕಟಯ್ಯ ಸುಳ್ಳು ಹೇಳುತ್ತಿದ್ದ. ಅಂಬುಜಮ್ಮ ಹೋದದ್ದು ನಿನ್ನೆ, ಯುಗಾದಿಯ ಬೆಳಿಗ್ಗೆ. ಅವನು ಬಲಗೈಯನ್ನು ಟವಲಿನಲ್ಲಿ ಸುತ್ತಿಕೊಂಡು ಎಡಗೈಯಿಂದಲೇ ಮತ್ತೊಂದು ಸೌದೆ ನೂಕಿದ.

*

ಕುದೂರಿನ ಆ ಮನೆಯಲ್ಲಿ ಒಂದು ವಾರಕ್ಕೂ ಇನ್ನೊಂದು ವಾರಕ್ಕೂ ದೊಡ್ಡ ವ್ಯತ್ಯಾಸವೇನೂ ಇರುತ್ತಿರಲಿಲ್ಲ. ಗಂಡ ಹೆಂಡತಿ ಇಬ್ಬರೂ ರೇಷ್ಮೆ ಮೊಟ್ಟೆ ಕೇಂದ್ರದಲ್ಲಿ ದುಡಿದವರು. ಅವನು ಅಟೆಂಡರ್, ಅವಳದು ಚಿಟ್ಟೆ ಆರಿಸುವ ಕೆಲಸ. ರಿಟೈರಾದ ಮೇಲೆ ಬೆಳಿಗ್ಗೆ ಅವನು ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಪೇಪರು ಓದಿ ಬರುವುದು, ಮಧ್ಯಾಹ್ನ ಇಬ್ಬರೂ ಚೌಕಾಬಾರ ಆಡುವುದು, ಅವಳು ಗೆಲ್ಲುವುದು, ಅವನು ಮುನಿಸಿಕೊಂಡು ಕಾಫಿ ಬೇಡವೆನ್ನುವುದು, ಆಮೇಲೆ ಕುಡಿಯುವುದು. ಸಂಜೆ ಜಗುಲಿ.

ಯುಗಾದಿಯ ವಾರ ಮಾತ್ರ ಅಂಬುಜಮ್ಮ ಸುಮ್ಮನೆ ಕೂರುತ್ತಿರಲಿಲ್ಲ. ಈ ವರ್ಷ ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು. ಹೃದಯ ಊದಿಕೊಂಡಿದೆ, ಮಲಗಿರಬೇಕು ಎಂದು ಮಾಗಡಿಯ ಡಾಕ್ಟರು ಹೇಳಿದ್ದರು. ಆದರೂ ಸ್ಟೂಲಿನ ಮೇಲೆ ಕೂತು, ಸುಣ್ಣ ಬಳಿಯುತ್ತಿದ್ದ ಗಂಡನಿಗೆ ಆ ಮೂಲೆ ಬಿಟ್ಟೆ, ಈ ಮೂಲೆ ಬಿಟ್ಟೆ ಎಂದು ತೋರಿಸಿದಳು. ಸಂತೆಯಿಂದ ತಂದ ಬೆಲ್ಲ ಕಪ್ಪಗಿದೆ ಎಂದು ವಾಪಸ್ಸು ಕಳಿಸಿದಳು. ಅವನು ಗೊಣಗುತ್ತಲೇ ಹೋಗಿ ಬದಲಿಸಿಕೊಂಡು ಬಂದ.

ಅವತ್ತು ಮಧ್ಯಾಹ್ನ ಆಟದ ನಡುವೆ ಕಾಯಿ ನಡೆಸುತ್ತ ಕೇಳಿದಳು: “ಹಬ್ಬದ್ ದಿನಾನೇ ನಾನ್ ಹೋಗ್ಬುಟ್ರೆ ಏನ್ ಮಾಡೀರಿ?”

“ಬಾಯ್ ಮುಚ್ಕಂಡ್ ಆಡು.”

“ಯಾರ್ಗೂ ಹೇಳ್ಬ್ಯಾಡಿ. ನನ್ ಮಗ್ಳು ತಂದ್ಕೊಟ್ ಹಬ್ಬ ಅದು. ಅವ್ವನೇ ಕಿತ್ಕಂಡ್ ಹೋದ್ಲು ಅನ್ಸ್‌ಬ್ಯಾಡಿ.”

ಅವಳು ನಗುತ್ತಿರಲಿಲ್ಲ.

ಅವಳು ಸೊಸೆಯಾಗಿ ಬಂದ ವರ್ಷವೇ ಅತ್ತೆ ಯುಗಾದಿಯ ದಿನ ತೀರಿಕೊಂಡಿದ್ದಳು. ಆಮೇಲೆ ಎಷ್ಟೋ ವರ್ಷ ಬೀದಿಯೆಲ್ಲ ಒಬ್ಬಟ್ಟಿನ ವಾಸನೆ ಎದ್ದಾಗ ಅಂಬುಜಮ್ಮ ಬಾಗಿಲು ಹಾಕಿಕೊಂಡು ಕೂರುತ್ತಿದ್ದಳು. ಬೈರಪ್ಪನ ಮಕ್ಕಳು ಅಕ್ಕಪಕ್ಕದ ಮನೆಗಳ ಮುಂದೆ ನಿಂತು ಬೈಸಿಕೊಳ್ಳುತ್ತಿದ್ದವು. ಕೊನೆಗೆ ಸಾವನದುರ್ಗದ ನರಸಿಂಹಸ್ವಾಮಿಗೆ ಹರಕೆ ಹೊತ್ತು ಬಸುರಿಯಾದವಳಿಗೆ ಒಂದು ಯುಗಾದಿಯ ಬೆಳಗಿನಲ್ಲೇ ನೋವು ಕಾಣಿಸಿಕೊಂಡಿತು. ಹೆಣ್ಣು ಮಗು ಅಂದದ್ದೇ ತಡ, ಬೈರಪ್ಪ ಬರಿಗಾಲಲ್ಲಿ ಓಡಿಹೋಗಿ ಬೆಲ್ಲ ಬೇಳೆ ತಂದ. ಹೊತ್ತು ಮುಳುಗುವಾಗ ವಂಶವೆಲ್ಲ ಕೂತು ಒಬ್ಬಟ್ಟು ಉಂಡಿತು. ಭಾನುಪ್ರಿಯ ಅಂತ ಹೆಸರಿಟ್ಟರೂ ಅವಳು ಎಲ್ಲರ ಬಾಯಲ್ಲಿ ಹಬ್ಬ ತಂದ ಮಗಳಾದಳು.

*

ಆ ಭಾನುಪ್ರಿಯ ಈಗ ಅಡಿಗೆಮನೆಯಲ್ಲಿ ಕತ್ತರಿ ಹುಡುಕುತ್ತಿದ್ದಳು. ಹಾರೋಹಳ್ಳಿಯಲ್ಲಿ ನಾಯಿಕೊಡೆಯಂತೆ ಎದ್ದ ಫ್ಯಾಕ್ಟರಿಗಳಲ್ಲೊಂದರಲ್ಲಿ ಅವಳಿಗೆ ಪ್ಯಾಕಿಂಗ್ ಕೆಲಸ. ಗಂಡ ಮನೋಹರನಿಗೂ ಅಲ್ಲೇ. ಅರ್ಜೆಂಟ್ ಆರ್ಡರ್ ಎಂದು ಹಬ್ಬದ ದಿನವೂ ಇಬ್ಬರನ್ನೂ ಕರೆಸಿಕೊಂಡಿದ್ದರು. ವರ್ಷತೊಡಕಿಗೆ ಬರುತ್ತೇವೆಂದು ಹೇಳಿದ್ದವರು, ನಸುಕಿನಲ್ಲಿ ಅಪ್ಪನ ಫೋನು ಬಂದ ಮೇಲೆ ಸಿಕ್ಕ ಬಸ್ಸು ಹತ್ತಿ ಬಂದಿದ್ದರು.

ಕತ್ತರಿಯ ಡಬ್ಬದ ಪಕ್ಕದಲ್ಲಿ ಒಂದು ತಟ್ಟೆ ಮುಚ್ಚಿಟ್ಟಿತ್ತು. ತೆರೆದಳು. ಒಬ್ಬಟ್ಟು. ಒಂದು ರೊಟ್ಟಿಯಷ್ಟು ದಪ್ಪ, ಇನ್ನೊಂದು ಹರಿದು ಹೂರಣ ಹೊರಗೆ ಬಂದು ಕರಿಕಾಗಿತ್ತು, ಮತ್ತೊಂದರ ಮೇಲೆ ಹೆಬ್ಬೆರಳಿನ ಅಚ್ಚು ಹಾಗೇ ಕೂತಿತ್ತು. ಅವಳವ್ವ ತಟ್ಟಿದರೆ ಆಚೆಯ ಬೆಳಕು ಕಾಣುವಷ್ಟು ತೆಳುವು. ಕಾಯಿಲೆ ಬಿದ್ದರೂ ಈ ಕೆಲಸವನ್ನು ಇನ್ನೊಬ್ಬರಿಗೆ ಬಿಡುವವಳಲ್ಲ.

ಭಾನು ಬಹಳ ಹೊತ್ತು ಅವನ್ನೇ ನೋಡಿದಳು. ಆ ಅಚ್ಚು ಅಪ್ಪನ ಹೆಬ್ಬೆರಳಿನದು. ತಟ್ಟೆ ಮುಚ್ಚಿ, ಕಣ್ಣು ಒರೆಸಿಕೊಂಡು, ಕತ್ತರಿ ಹಿಡಿದು ಹಿತ್ತಲಿಗೆ ಬಂದಳು. ನೀರೊಲೆಯ ಮುಂದೆ ಕೂತಿದ್ದ ಅಪ್ಪ ತಲೆಯೆತ್ತಲಿಲ್ಲ.

*

ಯುಗಾದಿಯ ಬೆಳಿಗ್ಗೆ ಅಂಬುಜಮ್ಮ ಎಣ್ಣೆ ಹಚ್ಚಿ ಎರೆದುಕೊಂಡಿದ್ದಳು. ಹೂರಣ ರುಬ್ಬಿಯಾಗಿತ್ತು. “ಕಣಕ ಒಸಿ ನೆನೀಲಿ, ನಾನೂ ಒಸಿ ಒರಿಕ್ಕತೀನಿ,” ಎಂದು ಚಾಪೆಯ ಮೇಲೆ ಮಲಗಿದಳು. ವೆಂಕಟಯ್ಯ ಬಾಗಿಲಿಗೆ ಮಾವಿನ ತೋರಣ ಕಟ್ಟಿ ಒಳಗೆ ಬಂದು, ಸರಿಯಾಗೈತಾ ನೋಡು ಬಾ ಎಂದ. ಉತ್ತರ ಬರಲಿಲ್ಲ.

ಟವಲನ್ನು ಬಾಯಿಗೆ ತುರುಕಿಕೊಂಡು ಅತ್ತ. ಗೋಡೆಯಾಚೆ ನಾಗಲಕ್ಷ್ಮಮ್ಮನ ಒರಳು ತಿರುಗುವ ಸದ್ದು ಕೇಳುತ್ತಿತ್ತು. ಗಟ್ಟಿಯಾಗಿ ಅಳುವ ಭಾಗ್ಯವೂ ತನಗಿಲ್ಲವಲ್ಲ ಎಂದು ಅವನಿಗೆ ಹೆಂಡತಿಯ ಮೇಲೆಯೇ ಸಿಟ್ಟು ಬಂತು. ಕಣ್ಣು ಮುಚ್ಚಿಸಿ, ಕಂಬಳಿ ಹೊದಿಸಿದ.

ನಾಗಲಕ್ಷ್ಮಮ್ಮ ಬೇವುಬೆಲ್ಲ ತಂದಾಗ ಬಾಗಿಲಲ್ಲೇ ಕೈಯೊಡ್ಡಿದ. “ಅಕ್ಕ ಎಲ್ಲಿ?” ಎಂದಳು. “ರಾತ್ರಿಯೆಲ್ಲ ನಿದ್ದೆ ಇರ್ನಿಲ್ಲ ಕಣವ್ವ, ಈಗ ಮಲ್ಗವ್ಳೆ.” ಅವಳು ಮೂಗು ಎತ್ತಿ ಗಾಳಿ ಎಳೆದುಕೊಂಡಳು. “ಒಬ್ಬಟ್ ಹಾಕಿಲ್ವಾ ಇನ್ನೂವೆ?”

ಅವಳು ಹೋದ ಮೇಲೆ ವೆಂಕಟಯ್ಯ ಒಲೆ ಹಚ್ಚಿ ಕಾವಲಿ ಇಟ್ಟ. ವಾಸನೆ ಏಳದಿದ್ದರೆ ಅವಳು ಮತ್ತೆ ಬರುವುದು ಖಂಡಿತ. ಹುಟ್ಟಿದಾಗಿನಿಂದ ಒಬ್ಬಟ್ಟು ತಟ್ಟಿದವನಲ್ಲ. ಮಗುಚಲು ಹೋಗಿ ಮೂರು ಬೆರಳು ಕಾವಲಿಗೆ ಅಂಟಿದವು. ಕೂಗಲಿಲ್ಲ. ಕಂಬಳಿಯ ಕಡೆ ತಿರುಗಿ, “ನೋಡು, ನಿನ್ ಹಬ್ಬ,” ಎಂದ.

ಸಂಜೆ ಬೀದಿಯೆಲ್ಲ ತಾರಸಿಯ ಮೇಲಿತ್ತು. ಯುಗಾದಿಯ ಚಂದ್ರನನ್ನು ನೋಡಿ, ಕೈಮುಗಿದು, ಆಮೇಲೆ ಚಿಕ್ಕವರು ಮನೆಮನೆಗೆ ಹೋಗಿ ಹಿರಿಯರ ಕಾಲಿಗೆ ಬೀಳುವುದು ವಾಡಿಕೆ. ಅಂಬುಜಮ್ಮನ ಕಾಲಿಗೆ ಬೀಳಲು ಯಾರಾದರೂ ಒಳಗೆ ನುಗ್ಗಿದರೆ? ವೆಂಕಟಯ್ಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. ಪಡುವಲಲ್ಲಿ ಮೋಡ ಕವಿದಿತ್ತು. ಚಂದ್ರ ಕಾಣಲಿಲ್ಲ, ನಾಳೆ ನೋಡಿದರಾಯಿತು ಎಂದು ಎಲ್ಲ ಇಳಿದು ಹೋದರು. ಮೋಡಕ್ಕೆ ಅವನು ಯಾವತ್ತೂ ಅಷ್ಟು ಕೃತಜ್ಞನಾಗಿರಲಿಲ್ಲ.

ಅಷ್ಟರಲ್ಲಿ ಮೊಬೈಲು ಬಡಿದುಕೊಂಡಿತು. ಭಾನು.

“ಚಂದ್ರ ಕಾಣುಸ್ತಾ ಅಪ್ಪ?”

“ಇಲ್ಲ ಮಗಾ. ಮೋಡ.”

“ಅವ್ವಂಗ್ ಕೊಡು.”

“ಮಲ್ಗವ್ಳೆ.”

“ಇಷ್ಟೊತ್ಗೇನಾ?”

“ಸುಸ್ತಾಗ್ಬುಟ್ಟೈತೆ. ನಾಳೆ ಬತ್ತೀಯಲ್ಲ.”

ಆ ಕಡೆಯ ಮಿಷನ್ನಿನ ಸದ್ದಿನ ನಡುವೆ, “ಆಯ್ತು ಬುಡು. ಎಬ್ಬುಸ್ಬ್ಯಾಡ,” ಎಂದಳು.

*

ಜಗುಲಿಯ ಮೇಲೆ ಅಂಬುಜಮ್ಮನನ್ನು ಮಲಗಿಸಿ, ಹಣೆಗೆ ಕಾಸಗಲ ಕುಂಕುಮವಿಟ್ಟು, ಮಡಿಲು ತುಂಬಿದ್ದಾಯಿತು. ತಲೆಯ ಹತ್ತಿರ ದೀಪ ಉರಿಯುತ್ತಿತ್ತು. ಚಟ್ಟ ಸಿದ್ಧವಿತ್ತು. ಎತ್ತುವವರು ಮುಂದೆ ಬಂದಾಗ ಬೈರಪ್ಪ ಕೈ ಅಡ್ಡ ಹಿಡಿದ.

“ತಡೀರಿ ಒಸಿ. ವೆಂಕಟ, ಇಲ್ ಬಾ. ದೀಪ ಮುಟ್ಟಿ ಹೇಳ್ಬುಡು. ಇವತ್ತಾ, ನಿನ್ನೇನಾ?”

“ಅಣ್ಣಾ...”

“ನಂಗೇನ್ ನಿನ್ ಮ್ಯಾಲೆ ದ್ವೇಸ ಏನ್ಲಾ? ನಿನ್ನೆ ಅಂದ್ರೆ ನಿನ್ನೆ. ಕೆಟ್ಟೋದ ಹಬ್ಬಾನ ಗೊತ್ತಿಲ್ದಂಗೆ ಮಾಡ್ಕಂಡ್ ಹೋದ್ರೆ ಮಕ್ಕಳುಮರಿಗ್ ಆಗಕಿಲ್ಲ ಕಣ್ಲಾ. ಮೊಮ್ಮಕ್ಕಳವೆ ನಂಗೆ. ನಾಗಲಕ್ಷ್ಮಿ ಆಡಿದ್ ಮಾತ ನಾನೂ ಕೇಳ್ಸ್ಕಂಡಿವ್ನಿ.”

ಅಣ್ಣನ ಭಯ ಸುಳ್ಳಲ್ಲವೆಂದು ವೆಂಕಟಯ್ಯನಿಗೂ ಗೊತ್ತಿತ್ತು. ಅವನೂ ಅದೇ ಮನೆಯಲ್ಲಿ ಬೆಳೆದವನು. ದೀಪ ಮುಟ್ಟಿ ಸುಳ್ಳು ಹೇಳಿ, ಅದು ಭಾನುವಿನ ಮೇಲೆ ಬಂದರೆ? ನಿಜ ಹೇಳಿದರೆ, ಹುಟ್ಟಿದ ದಿನವೇ ಅವ್ವನ ತಿಥಿಯಾಗಿ ಅವಳಿಗೆ ಉಳಿಯುತ್ತದೆ. ಟವಲು ಸುತ್ತಿದ ಕೈಯನ್ನು ದೀಪದ ಕಡೆ ಚಾಚಿದ.

ಯಾರೋ ಅವನ ಮಣಿಕಟ್ಟು ಹಿಡಿದುಕೊಂಡರು.

“ದೊಡ್ಡಪ್ಪ,” ಎಂದಳು ಭಾನು. “ಅಪ್ಪನ್ನ ಯಾಕ್ ಕೇಳ್ತೀಯ? ನಿನ್ನೆ ಸಂಜೆ ಅವ್ವ ನನ್ ಜೊತೆ ಫೋನಲ್ಲಿ ಮಾತಾಡ್ತು.”

ವೆಂಕಟಯ್ಯ ಮಗಳ ಮುಖ ನೋಡಿದ. ಅವಳು ನೋಡಲಿಲ್ಲ.

“ಏನಂದ್ಲು?” ಎಂದ ಬೈರಪ್ಪ.

“ಚಂದ್ರ ಕಾಣ್ಲಿಲ್ಲ, ನಾಳೆ ಬಂದು ನೋಡು. ನೋಡುದ್ ಮ್ಯಾಲೆ ಅಪ್ಪನ್ ಕಾಲಿಗ್ ಬೀಳಾದ್ ಮರೀಬ್ಯಾಡ ಅಂತು.”

ನಾಗಲಕ್ಷ್ಮಮ್ಮ ಏನೋ ಹೇಳಲು ಬಾಯಿ ತೆರೆದಳು. ಭಾನು ಅವಳತ್ತ ತಿರುಗಿದಳು. ನಾಗಲಕ್ಷ್ಮಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು, “ಹೂಂ, ಕಾಯ್ಲೆ ಮೈ, ಬ್ಯಾಗ ಸೆಟ್ಕತದೆ,” ಎಂದಳು. ಆ ಬಾಯಿ ಒಂದು ಗುಟ್ಟು ಇಟ್ಟುಕೊಂಡದ್ದು ಅದೇ ಮೊದಲಿರಬೇಕು.

ಬೈರಪ್ಪ ನಂಬಿದನೋ, ನಂಬಬೇಕೆಂದುಕೊಂಡನೋ. ಅಡ್ಡ ಹಿಡಿದ ಕೈ ಇಳಿಸಿದ.

“ಎತ್ತಿ,” ಎಂದ.

*

ಹಿಪ್ಪುನೇರಳೆ ತೋಟದ ಬದಿಯ ತಮ್ಮದೇ ಜಾಗದಲ್ಲಿ ಮಣ್ಣು ಮಾಡಿ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ಕಾಲು ತೊಳೆದು, ದೀಪ ನೋಡಿ, ಎಲ್ಲರೂ ಜಗುಲಿಯಲ್ಲಿ ಕೂತರು. ಸಾವಿನ ಮನೆಯಲ್ಲಿದ್ದ ಅಡಿಗೆಯನ್ನು ಇಟ್ಟುಕೊಳ್ಳಬಾರದೆಂದು ಬೈರಪ್ಪನೇ ಒಳಗೆ ಹೋಗಿ ಎಲ್ಲವನ್ನೂ ತಂದು ಬೀದಿಯ ಹಸುವಿನ ಮುಂದೆ ಸುರಿದ. ಕೊನೆಯ ತಟ್ಟೆಯನ್ನು ಮಾತ್ರ ಕೈಯಲ್ಲಿ ಹಿಡಿದು ತುಸು ಹೊತ್ತು ನಿಂತ. ದಪ್ಪದ್ದು, ಹರಿದದ್ದು, ಕರಿಕಾದದ್ದು. ಆಮೇಲೆ ಅದನ್ನೂ ಸುರಿದು ಬಂದು ಕೂತ.

ಕತ್ತಲಾಗುತ್ತಿದ್ದಂತೆ ಬೀದಿಯ ತುದಿಯಲ್ಲಿ ಮಕ್ಕಳು “ಚಂದ್ರ! ಚಂದ್ರ!” ಎಂದು ಕಿರುಚಿದವು. ಯಾರೋ ಗದರಿದರು, ಸದ್ದಡಗಿತು.

ಭಾನು ಎದ್ದು ಬೀದಿಗಿಳಿದಳು. ಪಡುವಲಲ್ಲಿ, ಉಗುರಿನಷ್ಟು ತೆಳ್ಳಗೆ, ಬಿದಿಗೆಯ ಚಂದ್ರ. ನೋಡಿ ಕೈಮುಗಿದು, ನೇರವಾಗಿ ಜಗುಲಿಗೆ ಬಂದು ಅಪ್ಪನ ಮುಂದೆ ಬಗ್ಗಿದಳು.

“ಬ್ಯಾಡ ಕಣವ್ವ,” ಎಂದ ಬೈರಪ್ಪ. “ಸೂತ್ಕದಲ್ಲಿ ಕಾಲ್ ಮುಟ್ಬಾರ್ದು.”

“ಅವ್ವ ಹೇಳೈತೆ ದೊಡ್ಡಪ್ಪ.”

ಅವಳು ಎರಡೂ ಕೈಯಿಂದ ಅಪ್ಪನ ಪಾದ ಹಿಡಿದು, ಹಣೆ ಇಟ್ಟು, ಹಾಗೇ ಇದ್ದಳು. ವೆಂಕಟಯ್ಯನಿಗೆ ನಿನ್ನೆಯಿಂದ ತಡೆಹಿಡಿದ ಅಳು ಈಗ ದನಿ ತೆಗೆದು ಬಂತು. ಸುತ್ತಿಕೊಂಡಿದ್ದ ಟವಲು ಜಾರಿ ಬಿದ್ದದ್ದೂ ತಿಳಿಯದೆ ಬಲಗೈಯನ್ನು ಮಗಳ ತಲೆಯ ಮೇಲಿಟ್ಟ. ಮೂರು ಬೆರಳುಗಳ ತುದಿಯಲ್ಲಿ ಬೊಬ್ಬೆ ಎದ್ದು ನೀರು ತುಂಬಿಕೊಂಡಿತ್ತು.

ಬೈರಪ್ಪ ಆ ಬೆರಳುಗಳನ್ನೇ ನೋಡಿದ. ಆಮೇಲೆ ಎದ್ದು, ತಲೆಗೆ ಸುತ್ತಿದ ವಸ್ತ್ರ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ಬೀದಿಗಿಳಿದು ಪಡುವಲ ಕಡೆ ತಿರುಗಿ ನಿಂತು, ಚಂದ್ರನಿಗೆ ಕೈಮುಗಿದ.