ಚೀಟಿ ಉದುರಿದ ಬಾಟಲಿಗಳು

ಪ್ರಯೋಗದ ಇಲಿಗಳಿಗೆ ಇಡುವ ಬಾಟಲಿಗಳ ಚೀಟಿಗಳು ಒದ್ದೆಯಾಗಿ ಉದುರಿದ್ದವು. ಯಾವುದರಲ್ಲಿ ಬರೀ ನೀರು, ಯಾವುದರಲ್ಲಿ ಮದ್ಯ ಬೆರೆಸಿದ ನೀರು ಎಂದು ಮೂಸಿದರೆ ತಿಳಿಯುತ್ತಿತ್ತು. ಆದರೆ ರಂಜಾನ್ ಉಪವಾಸದ ನೋಂಬು ಹಿಡಿದಿದ್ದ ಮೊಗ್ರಾಲಿನ ಜಸೀನಾಳಿಗೆ ಮದ್ಯ ಮೂಸಲು ಮನಸ್ಸು ಒಪ್ಪಲಿಲ್ಲ, ಚೀಟಿಗಳನ್ನು ಅಂದಾಜಿನಲ್ಲೇ ಅಂಟಿಸಿಬಿಟ್ಟಳು. ತಪ್ಪಿದ್ದರೆ ಎರಡು ವರ್ಷದ ಸಂಶೋಧನೆ ಹಾಳು ಎಂಬ ಹೆದರಿಕೆಯಲ್ಲೇ ಹತ್ತು ದಿನ ಕಳೆದಳು.

ಇಂದು ನೋಡಿದರೆ, ನೀರು ಕುಡಿದ ಹೆಣ್ಣಿಲಿಗಳೆಲ್ಲ ಪ್ರಾಯಕ್ಕೆ ಬಂದಿದ್ದವು. ಮದ್ಯ ಕುಡಿದವುಗಳಲ್ಲಿ ಒಂದೂ ಬಂದಿರಲಿಲ್ಲ. ಮದ್ಯ ಪ್ರಾಯವನ್ನು ತಡಮಾಡುತ್ತದೆ ಎಂದು ಅವಳು ಎಣಿಸಿದ ಹಾಗೆಯೇ. ಜಸೀನಾ ಗೋಡೆಗೊರಗಿ ಉಸಿರುಬಿಟ್ಟಳು.

“ನನ್ನ ಅಂದಾಜು ಸರಿ ಇತ್ತು ಪೂವಪ್ಪಣ್ಣ.”

ಇಲಿಗೂಡು ಗುಡಿಸುತ್ತಿದ್ದ ಪೂವಪ್ಪ ತಲೆಯೆತ್ತಲಿಲ್ಲ. “ಎಂತ ಸರಿ? ನಾಲ್ಕು ಚೀಟಿ ಅದಲುಬದಲಾಗಿತ್ತು. ಅವತ್ತೇ ಮೂಸಿ ಸರಿ ಮಾಡಿಟ್ಟೆ. ನಾನು ಕುಡಿಯುವುದು ಬಿಟ್ಟು ಒಂಬತ್ತು ವರ್ಷ ಆಯ್ತು ಮಗಳೇ, ಮೂಗು ಮಾತ್ರ ಇನ್ನೂ ಬಿಡಲಿಲ್ಲ.”